ಆಮಂತ್ರಣದ ಚಿತ್ರ ಕಳುಹಿಸಿದರೆ ಕರೆದಂತಾಯಿತೇ? ಚಿತ್ರಗಳಿಗೆ ಕನ್ನಡದಲ್ಲಿ ವಿವರಣೆ ಬರೆಯುವ ಕುರಿತು

ಘಾಟ್‌ಕೋಪರ್ ಕನ್ನಡತಿ (ಭಾನುವಾರ, ರಾತ್ರಿ 9.40)

ಇಂದು ಸಂಜೆ ನಡೆದದ್ದನ್ನು ಬರೆಯದೆ ಮಲಗಲಾರೆ. ನಮ್ಮ ಕನ್ನಡ ಬಳಗದ ಪ್ರಕಟಣೆಗಳನ್ನು ಸಿದ್ಧಪಡಿಸಿ ವಾಟ್ಸ್ಆ್ಯಪ್ ಗುಂಪಿಗೂ ಫೇಸ್‌ಬುಕ್ ಪುಟಕ್ಕೂ ಹಾಕುವವಳು ನಾನು. ಈ ತಿಂಗಳ ಉಪನ್ಯಾಸ ಎಂದಿನ ಸಭಾಗೃಹದಲ್ಲೇ ನಡೆಯಬೇಕಿತ್ತು. ಅಲ್ಲಿ ಚಾವಣಿ ಸೋರತೊಡಗಿದ್ದರಿಂದ ಗುರುವಾರ ಸ್ಥಳ ಬದಲಾಯಿತು. ಹೊಸ ಸ್ಥಳವನ್ನು ದಪ್ಪ ಕೆಂಪು ಅಕ್ಷರಗಳಲ್ಲಿ ಬರೆಸಿ, ಪೋಸ್ಟರಿನ ಚಿತ್ರವನ್ನು ಗುಂಪಿಗೆ ಹಾಕಿದೆ. ಕೆಳಗೆ ‘ಎಲ್ಲರೂ ತಪ್ಪದೇ ಬನ್ನಿ’ ಎಂದಷ್ಟೇ ಬರೆದೆ.

ನಮ್ಮ ಬಳಗದ ಹಿರಿಯರಾದ ಮಾಸ್ತರರು ಹಳೆಯ ಜಾಗಕ್ಕೇ ಹೋದರು. ಗ್ಲಾಕೋಮಾದಿಂದ ಅವರ ದೃಷ್ಟಿ ಹೋಗಿ ಕೆಲವು ವರ್ಷಗಳಾಗಿವೆ. ಒಬ್ಬರೇ ರಿಕ್ಷಾ ಹಿಡಿದು ಬಂದು, ಬೀಗ ಹಾಕಿದ ಗೇಟಿನ ಮುಂದೆ ಮುಕ್ಕಾಲು ಗಂಟೆ ನಿಂತಿದ್ದರು. ಪಕ್ಕದ ಇಸ್ತ್ರಿ ಅಂಗಡಿಯವನು ಅವರ ಫೋನಿನಿಂದ ನನಗೆ ಕರೆ ಮಾಡಿದಾಗ ಉಪನ್ಯಾಸ ಮುಗಿಯುತ್ತಾ ಬಂದಿತ್ತು. ಓಡಿಹೋದೆ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ‘ನನ್ನ ಫೋನು ಎಲ್ಲರೂ ತಪ್ಪದೇ ಬನ್ನಿ ಎಂದು ಓದಿತಮ್ಮ, ಬಂದೆ’ ಎಂದರು.

ಅವರು ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಬಳಸುತ್ತಾರೆಂದು ನನಗೆ ತಿಳಿದಿತ್ತು. ಗುಂಪಿನಲ್ಲಿ ಬಂದದ್ದನ್ನೆಲ್ಲ ಅದು ಓದಿ ಹೇಳುತ್ತದೆಂದು ನಂಬಿಕೊಂಡಿದ್ದೆ. ಚಿತ್ರದೊಳಗಿನ ಅಕ್ಷರ ಅದಕ್ಕೆ ಅಕ್ಷರವಾಗಿ ಕಾಣುವುದಿಲ್ಲ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾಲ್ಕು ವರ್ಷಗಳಿಂದ ವಾರಕ್ಕೆ ಎರಡರಂತೆ ಪೋಸ್ಟರ್ ಕಳುಹಿಸುತ್ತಿದ್ದೇನೆ. ಅವುಗಳಲ್ಲಿ ಒಂದೂ ಅವರನ್ನು ತಲುಪಿಲ್ಲ.

ಇನ್ನು ಮುಂದೆ ಪ್ರತಿ ಚಿತ್ರದೊಂದಿಗೂ ವಿವರಣೆ ಬರೆಯಬೇಕೆಂದಿದ್ದೇನೆ. ಹೇಗೆ ಬರೆಯಬೇಕು? ಎಷ್ಟು ಬರೆಯಬೇಕು? ತಿಳಿದವರು ದಯವಿಟ್ಟು ಹೇಳಿಕೊಡಿ.

ಕಿವಿಗಣ್ಣು (ಭಾನುವಾರ, ರಾತ್ರಿ 10.25)

ಅಕ್ಕ, ನಾನು ಹುಟ್ಟಿನಿಂದಲೇ ಅಂಧ. ಕಲ್ಯಾಣದಿಂದ ದಿನವೂ ಲೋಕಲ್ ರೈಲಿನಲ್ಲಿ ಮುಂಬಯಿಯ ಸಿಎಸ್‌ಎಂಟಿಗೆ ಹೋಗಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಕಚೇರಿಯ ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಕೈಯಲ್ಲಿ ಟಾಕ್‌ಬ್ಯಾಕ್. ಎನ್‌ವಿಡಿಎ ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, 2006ರಲ್ಲಿ ಅದನ್ನು ಆರಂಭಿಸಿದರು. ದುಬಾರಿ ತಂತ್ರಾಂಶ ಕೊಳ್ಳಲಾಗದ ನನ್ನಂಥ ಎಷ್ಟೋ ಜನರಿಗೆ ಕೆಲಸ ಸಿಕ್ಕಿದ್ದು ಅದರಿಂದ.

ಒಂದು ಸಾಮಾನ್ಯ ಬೆಳಗ್ಗೆ ನನ್ನ ಫೋನು ಏನು ಹೇಳುತ್ತದೆಂದು ಕೇಳಿ. ಕುಟುಂಬದ ಗುಂಪಿನಲ್ಲಿ ‘ಫೋಟೋ’. ಸೊಸೈಟಿಯ ಗುಂಪಿನಲ್ಲಿ ‘ಫೋಟೋ’, ‘ಫೋಟೋ’. ಕನ್ನಡ ಬಳಗದಲ್ಲಿ ‘ಫೋಟೋ’, ಅದರ ಕೆಳಗೆ ಹನ್ನೆರಡು ಜನ ‘ಅಭಿನಂದನೆಗಳು’. ಯಾರಿಗೆ, ಏತಕ್ಕೆ ಎಂದು ತಿಳಿಯುವುದಿಲ್ಲ. ಕೆಲವು ಜಾಲತಾಣಗಳಲ್ಲಿ ಚಿತ್ರಕ್ಕೆ ವಿವರಣೆಯಿಲ್ಲದಿದ್ದರೆ ಕಡತದ ಹೆಸರನ್ನೇ ಓದುತ್ತದೆ: ಐಎಂಜಿ, ಅಡ್ಡಗೆರೆ, ಎಂಟು ಅಂಕಿ, ಡಬ್ಲ್ಯೂಎ, ಮತ್ತೆ ಅಂಕಿ.

ಪ್ಲಾಟ್‌ಫಾರ್ಮಿನಲ್ಲಿ ಅಂಗವಿಕಲರಿಗೆ ಮೀಸಲಾದ ನಮ್ಮ ಡಬ್ಬಿ ನಿಲ್ಲುವ ಜಾಗದಲ್ಲಿ ಬೀಪ್ ಬೀಪ್ ಎಂಬ ಸದ್ದು ಬರುತ್ತಿರುತ್ತದೆ. ನೀವೆಲ್ಲ ಕೇಳಿರುತ್ತೀರಿ, ಏತಕ್ಕೆಂದು ಗಮನಿಸಿರಲಿಕ್ಕಿಲ್ಲ. ಆ ಸದ್ದು ಕೇಳಿಯೇ ನಾನು ಸರಿಯಾದ ಜಾಗದಲ್ಲಿ ನಿಲ್ಲುತ್ತೇನೆ. ಚಿತ್ರದ ವಿವರಣೆಯೂ ನನಗೆ ಅಂಥದ್ದೇ. ದುರಸ್ತಿಗಾಗಿ ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್ ಪಟ್ಟಿಯನ್ನು ಯಾರೋ ಚಿತ್ರವಾಗಿ ಹಾಕುತ್ತಾರೆ. ಯಾವ ಮಾರ್ಗ, ಎಷ್ಟರಿಂದ ಎಷ್ಟು ಗಂಟೆಯವರೆಗೆ ಎಂದು ಒಂದೇ ಸಾಲು ಬರೆದರೆ ನಾನು ಯಾರನ್ನೂ ಕೇಳದೆ ಮನೆಯಿಂದ ಹೊರಡಬಹುದು.

ಮೊದಲ ನಿಯಮ ಇಷ್ಟೇ. ಚಿತ್ರದಲ್ಲಿ ಅಕ್ಷರಗಳಿದ್ದರೆ ಆ ಅಕ್ಷರಗಳನ್ನೇ ಹೊರಗೂ ಬರೆಯಿರಿ. ದಿನಾಂಕ, ಹೊತ್ತು, ಸ್ಥಳ, ಹತ್ತಿರದ ಸ್ಟೇಷನ್, ಸಂಪರ್ಕದ ಸಂಖ್ಯೆ. ಪೋಸ್ಟರಿನ ಅಂಚಿನಲ್ಲಿ ಬಳ್ಳಿಯ ಚಿತ್ತಾರವಿದೆಯೋ ಮಾವಿನ ತೋರಣವಿದೆಯೋ ಎಂಬುದು ಇಲ್ಲಿ ಬೇಡ. ಎಲ್ಲಿಗೆ, ಎಷ್ಟು ಗಂಟೆಗೆ ಬರಬೇಕೆಂದು ಮೊದಲು ತಿಳಿಯಲಿ.

ಡೊಂಬಿವಲಿ 7.42 (ಸೋಮವಾರ, ಬೆಳಗ್ಗೆ 8.10)

ಗೌರವದಿಂದಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಬಳಗದ ಕೆಲಸ ಮಾಡುವವರೆಲ್ಲ ನೌಕರಿಯವರು. ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ಊಟ ಮುಗಿಸಿ, ರಾಜ್ಯೋತ್ಸವದ ನಲವತ್ತು ಫೋಟೋ ಹಾಕುತ್ತೇವೆ. ನಲವತ್ತಕ್ಕೂ ವಿವರಣೆ ಬರೆಯಿರಿ ಎಂದರೆ ಫೋಟೋ ಹಾಕುವುದೇ ನಿಲ್ಲುತ್ತದೆ. ಮೇಲಾಗಿ ಈಗ ಫೋನುಗಳೇ ಚಿತ್ರ ನೋಡಿ ವಿವರಿಸುತ್ತವೆ ಎಂದು ಓದಿದ್ದೇನೆ. ಯಂತ್ರ ಮಾಡುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಏನು ತಪ್ಪು? ಮಾಸ್ತರರಿಗೆ ಆದದ್ದು ನಿಜಕ್ಕೂ ನೋವಿನ ಸಂಗತಿ. ಅಂಥ ಮುಖ್ಯ ಪ್ರಕಟಣೆಗೆ ವಿವರ ಬರೆಯೋಣ. ಉಳಿದದ್ದಕ್ಕೂ ಬರೆಯಬೇಕೇ?

ಮಾಟುಂಗಾ ಅಚ್ಚುಮನೆ (ಸೋಮವಾರ, ಮಧ್ಯಾಹ್ನ 1.30)

ನಾನು ಡಿಟಿಪಿ ಕೆಲಸದವನು. ಮುಂಬಯಿಯ ಕನ್ನಡ ಸಂಘಗಳ ಆಮಂತ್ರಣ, ಮದುವೆ ಕಾಗದ, ಸ್ಮರಣ ಸಂಚಿಕೆಗಳನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡಿಕೊಡುತ್ತಿದ್ದೇನೆ. ಈ ಚರ್ಚೆಯಲ್ಲಿ ನಮ್ಮ ಕಸುಬಿನವರ ಪಾಲು ದೊಡ್ಡದಿದೆ, ಅದನ್ನು ಹೇಳಬೇಕು.

ಕಾರ್ಯದರ್ಶಿಗಳು ನನ್ನನ್ನು ಕೇಳುತ್ತಾರೆ: ‘ಪಠ್ಯವನ್ನೂ ಕಳುಹಿಸಿಬಿಡಿ, ಚಿತ್ರದ ಜೊತೆ ಹಾಕುತ್ತೇವೆ.’ ಕಳುಹಿಸುತ್ತೇನೆ. ಆದರೆ ನಮ್ಮಲ್ಲಿ ಬಹಳಷ್ಟು ಜನ ಇಂದಿಗೂ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲೇ ಕೂರಿಸುತ್ತೇವೆ. ಅವು ಎಲ್ಲ ಸಾಧನಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಅಲ್ಲ. ಪರದೆಯ ಮೇಲೆ ಕನ್ನಡದಂತೆ ಕಾಣುತ್ತದೆ, ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ‘ಕನ್ನಡ’ ಎಂಬ ಪದವನ್ನೇ ಹಳೆಯ ನುಡಿಯಿಂದ ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಒಂದು ಪಿ ಅಕ್ಷರ, ನಡುವೆ ಪೌಂಡ್ ಹಣದ ಚಿಹ್ನೆ, ಕೊನೆಯಲ್ಲಿ ಕ್ಯೂ, ಅವುಗಳ ನಡುವೆ ತಲೆಯ ಮೇಲೆ ಗೆರೆಯಿರುವ ಎ. ಓದುವ ತಂತ್ರಾಂಶ ಅದನ್ನೇ ಓದುತ್ತದೆ. ಆ ಪಠ್ಯದಿಂದ ಮಾಡಿದ ಪಿಡಿಎಫ್ ಕಡತಗಳ ಗತಿಯೂ ಇದೇ. ಸಂಘಗಳ ಎಷ್ಟೋ ಸಂಚಿಕೆಗಳು ಹೀಗೆಯೇ ಇವೆ; ಕಣ್ಣಿದ್ದವರಿಗೆ ಕನ್ನಡ, ಕಿವಿಯಲ್ಲಿ ಓದುವವರಿಗೆ ಕಸ.

ಹಾಗಾಗಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ. ಹಳೆಯದಿದ್ದರೆ ಪರಿವರ್ತಕದಲ್ಲಿ ಹಾಕಿ ಬದಲಾಯಿಸಿ, ಬದಲಾಯಿಸಿದ ಮೇಲೆ ಒಮ್ಮೆ ಓದಿ, ಅರ್ಕಾವೊತ್ತು ಅಲ್ಲಲ್ಲಿ ಜಾರಿರುತ್ತದೆ. ಇನ್ನೊಂದು, ಚಿತ್ರದಿಂದ ಅಕ್ಷರ ಎತ್ತಿಕೊಡುವ ಆ್ಯಪ್‌ಗಳನ್ನು ನಂಬಿ ಕೂರಬೇಡಿ. ಸರಳ ಅಚ್ಚಕ್ಷರವಾದರೆ ಸರಿ. ನಾವು ಶೀರ್ಷಿಕೆಗೆ ಬಳಸುವ ಬಳುಕಿನ ಅಕ್ಷರ, ಹಿಂದೆ ದೀಪದ ಚಿತ್ರ, ಮೇಲೆ ಹೊಳಪು, ಇವೆಲ್ಲ ಸೇರಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಕಳೆದ ವಾರ ನನ್ನದೇ ಒಂದು ಆಮಂತ್ರಣವನ್ನು ಹಾಕಿ ನೋಡಿದೆ. ಅತಿಥಿಗಳ ಹೆಸರೇ ಬೇರೆಯಾಗಿತ್ತು.

ಇಂದಿನಿಂದ ನಾನು ಪೋಸ್ಟರಿನ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಕೊಡುತ್ತೇನೆ, ಕೇಳಲಿ ಕೇಳದಿರಲಿ. ಅದಕ್ಕೆ ಬೇರೆ ದರವಿಲ್ಲ.

ಮುಳಾ ಮುಠಾ (ಸೋಮವಾರ, ರಾತ್ರಿ 8.50)

ಪುಣೆಯಿಂದ. ತಂತ್ರಾಂಶಗಳು ಎಲ್ಲರಿಗೂ ಬಳಸಲು ಬರುತ್ತವೆಯೇ ಎಂದು ಪರೀಕ್ಷಿಸುವುದೇ ನನ್ನ ಉದ್ಯೋಗ. ಡೊಂಬಿವಲಿಯವರ ಪ್ರಶ್ನೆ ಕೆಲಸದ ಒತ್ತಡದಲ್ಲಿ ಬಂದದ್ದೆಂದು ಅರ್ಥವಾಗುತ್ತದೆ. ಆದರೆ ಇದು ಯಾರೋ ಇತ್ತೀಚೆಗೆ ತಂದ ಹೊರೆ ಎಂಬ ಭಾವನೆ ಇದ್ದರೆ ಅದು ಸರಿಯಲ್ಲ.

ಜಾಲಪುಟದ ಚಿತ್ರಕ್ಕೆ ಪರ್ಯಾಯ ಪಠ್ಯ, ಅಂದರೆ ಚಿತ್ರದ ಬದಲು ಓದಿಸಿಕೊಳ್ಳುವ ವಿವರಣೆ, ಇರಲೇಬೇಕೆಂದು ಜಾಲಪುಟ ಬರೆಯುವ ಭಾಷೆಯ 1997ರ ಎಚ್‌ಟಿಎಂಎಲ್ 4 ಆವೃತ್ತಿಯೇ ಹೇಳಿತು. 1999ರಲ್ಲಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಪ್ರಕಟಿಸಿದ ಸುಗಮತೆಯ ಮಾರ್ಗಸೂಚಿಯ ಮೊದಲ ಅಂಶವೇ ಇದು. 2008ರ ಎರಡನೆಯ ಆವೃತ್ತಿಯಲ್ಲೂ 2023ರಲ್ಲಿ ಬಂದ 2.2ರಲ್ಲೂ 1.1.1 ಎಂಬ ಮೊದಲ ಸಂಖ್ಯೆ ಇದಕ್ಕೇ ಮೀಸಲಾಗಿದೆ, ಅದೂ ಅತ್ಯಂತ ಕನಿಷ್ಠವಾದ ಎ ಹಂತದಲ್ಲಿ. ಅಂದರೆ ಇದನ್ನೂ ಮಾಡದಿದ್ದರೆ ಬೇರೇನು ಮಾಡಿದರೂ ಲೆಕ್ಕಕ್ಕಿಲ್ಲ.

ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ಮತ್ತು ಸಂವಹನದ ಸುಗಮತೆಯ ಬಗ್ಗೆಯೇ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಆ ಪ್ರಕರಣ ಇದ್ದದ್ದು ಬ್ಯಾಂಕುಗಳು ಗ್ರಾಹಕರ ಗುರುತನ್ನು ಖಚಿತಪಡಿಸಿಕೊಳ್ಳುವ ಕೆವೈಸಿ ಕುರಿತು. ಅರ್ಜಿದಾರರಾದ ಪ್ರಗ್ಯಾ ಪ್ರಸೂನ್ ಆ್ಯಸಿಡ್ ದಾಳಿಯಿಂದ ಬದುಕುಳಿದವರು, ಅಮರ್ ಜೈನ್ ಸ್ವತಃ ಅಂಧರಾದ ವಕೀಲರು. ಕನ್ನಡ ಬಳಗದ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ, ನಿಜ. ಕೋರ್ಟು ಬ್ಯಾಂಕುಗಳಿಗೆ ಹೇಳಿದ್ದನ್ನು ನಾವು ನಮ್ಮ ಮಾಸ್ತರರಿಗಾಗಿ ಯಾರೂ ಹೇಳದೆಯೇ ಮಾಡಬಾರದೇ?

ಎಲ್ಲಿ ಬರೆಯುವುದು ಎಂಬುದನ್ನೂ ಹೇಳುತ್ತೇನೆ. ಫೇಸ್‌ಬುಕ್ಕಿನಲ್ಲಿ ಚಿತ್ರವನ್ನು ತಿದ್ದುವ ಆಯ್ಕೆಯೊಳಗೆ ‘ಆಲ್ಟ್ ಟೆಕ್ಸ್ಟ್’ ಎಂಬ ಜಾಗವಿದೆ. ಇನ್‌ಸ್ಟಾಗ್ರಾಮಿನಲ್ಲೂ ಇದೆ, 2018ರಿಂದ. ಎಕ್ಸ್ ತಾಣದಲ್ಲಿ ಒಂದು ಚಿತ್ರಕ್ಕೆ ಸಾವಿರ ಅಕ್ಷರಗಳವರೆಗೆ ಬರೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ಚಿತ್ರದ ಕೆಳಗಿನ ಬರಹವನ್ನೇ ಬಳಸಿ. ಅದನ್ನು ಮುಂದಕ್ಕೆ ಕಳುಹಿಸುವಾಗ ಆ ಬರಹವನ್ನು ಕಿತ್ತುಹಾಕುವ ಸಣ್ಣ ಗುರುತೊಂದು ಕಾಣುತ್ತದೆ. ಅದನ್ನು ಒತ್ತಬೇಡಿ; ಒತ್ತಿದರೆ ಚಿತ್ರ ಮಾತ್ರ ಮುಂದೆ ಹೋಗಿ ವಿವರಣೆ ನಿಮ್ಮಲ್ಲೇ ಉಳಿಯುತ್ತದೆ.

ಹ್ಯಾಷ್‌ಟ್ಯಾಗ್ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿಸಿದರೆ ಓದುವ ಧ್ವನಿ ಪದಗಳನ್ನು ಬಿಡಿಸಿಕೊಳ್ಳುತ್ತದೆ. ಕನ್ನಡದಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬುದಿಲ್ಲ. ಐದು ಪದಗಳನ್ನು ಒಂದಕ್ಕೊಂದು ಹೊಲಿದು ಹಾಕುವ ಬದಲು ನಡುವೆ ಅಡಿಗೆರೆ ಕೊಡಿ.

ಚೌಕಿಮನೆ (ಸೋಮವಾರ, ರಾತ್ರಿ 11.15)

ಯಂತ್ರದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಯಕ್ಷಗಾನದ ಫೋಟೋ ತೆಗೆಯುವವನು. ಮಳೆಗಾಲದಲ್ಲಿ ಊರಿನ ಮೇಳಗಳ ಕಲಾವಿದರು ಮುಂಬಯಿಗೆ ಬಂದಾಗ ಕುರ್ಲಾ, ಮಾಟುಂಗಾ, ಸಾಂತಾಕ್ರೂಜ್ ಎನ್ನದೆ ಆಟದಿಂದ ಆಟಕ್ಕೆ ಅಲೆಯುತ್ತೇನೆ. ಕಲಾವಿದರು ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ ಬಣ್ಣ ಬರೆದುಕೊಳ್ಳುತ್ತಿದ್ದ ತೆಂಕುತಿಟ್ಟಿನ ಬಣ್ಣದ ವೇಷಧಾರಿಯ ಚಿತ್ರವೊಂದನ್ನು ಚಿತ್ರ ವಿವರಿಸುವ ಆ್ಯಪ್‌ಗೆ ತೋರಿಸಿದೆ. ‘ಬಣ್ಣಬಣ್ಣದ ಮುಖವಾಡ ಧರಿಸಿದ ವ್ಯಕ್ತಿ’ ಎಂದಿತು.

ಮುಖವಾಡ! ಆ ಕಲಾವಿದರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳಿನಂತೆ ಮುಖದ ಮೇಲೆ ಎಬ್ಬಿಸುತ್ತಾ ಗಂಟೆಗಟ್ಟಲೆ ಕುಳಿತಿದ್ದರು. ಮುಖವಾಡವನ್ನು ತೊಟ್ಟು ತೆಗೆಯಬಹುದು. ಇವರು ತಮ್ಮ ಮುಖವನ್ನೇ ರಾಕ್ಷಸನದಾಗಿ ಮಾಡಿಕೊಳ್ಳುತ್ತಿದ್ದರು. ಚಿತ್ರ ತೆಗೆದದ್ದೇ ಅದಕ್ಕಾಗಿ. ಯಂತ್ರದ ವಿವರಣೆಯಲ್ಲಿ ಅದೊಂದೇ ಇರಲಿಲ್ಲ.

ನಾನು ಬರೆದದ್ದು ಹೀಗೆ: ‘ಚೌಕಿಯಲ್ಲಿ ಚಾಪೆಯ ಮೇಲೆ ಕುಳಿತ ಬಣ್ಣದ ವೇಷಧಾರಿ. ಎಡಗೈಯಲ್ಲಿ ಪುಟ್ಟ ಕನ್ನಡಿ. ಬಲಗೈಯ ಕಡ್ಡಿಯಿಂದ ಹುಬ್ಬಿನ ಮೇಲೆ ಚುಟ್ಟಿ ಇಡುತ್ತಿದ್ದಾರೆ. ಮುಖದ ಎಡ ಅರ್ಧ ಆಗಲೇ ಕೆಂಪು ಕಪ್ಪು ಬಣ್ಣ, ಬಿಳಿಯ ಮುಳ್ಳುಸಾಲುಗಳಿಂದ ರಾಕ್ಷಸನದಾಗಿದೆ. ಬಲ ಅರ್ಧ ಇನ್ನೂ ಅವರದೇ. ಹಿಂದೆ ಹಗ್ಗದ ಮೇಲೆ ಕಿರೀಟಗಳ ಸಾಲು.’

ಡೊಂಬಿವಲಿಯ ಅಣ್ಣನವರೇ, ಇದಕ್ಕೆ ಮೂರು ನಿಮಿಷ ಹಿಡಿಯಿತು. ಆದರೆ ಬರೆಯುವಾಗ ನನ್ನ ಚಿತ್ರವನ್ನು ನಾನೇ ಮೊದಲ ಬಾರಿಗೆ ನೋಡಿದಂತಾಯಿತು. ಮುಖ ಅರ್ಧರ್ಧವಾಗಿರುವುದು ಬರೆಯತೊಡಗಿದ ಮೇಲೆ ನನ್ನ ಗಮನಕ್ಕೆ ಬಂತು.

ಯಂತ್ರ ಬೇಡವೆನ್ನುವುದಿಲ್ಲ. ಯಾರೂ ವಿವರಣೆ ಬರೆಯದ ಲಕ್ಷಾಂತರ ಚಿತ್ರಗಳಿಗೆ ಅದೇ ಆಸರೆ. ಅದು ಕೊಟ್ಟ ಸಾಲನ್ನು ಕರಡಾಗಿ ಇಟ್ಟುಕೊಂಡು ತಿದ್ದಬಹುದು. ಆದರೆ ಈ ಚಿತ್ರವನ್ನು ನಾನೇಕೆ ಹಾಕುತ್ತಿದ್ದೇನೆ ಎಂಬುದು ಅದಕ್ಕೆ ತಿಳಿಯದು. ಚಂಡೆಗೂ ಡೊಳ್ಳಿಗೂ, ಕೇದಗೆ ಮುಂದಲೆಗೂ ಕಿರೀಟಕ್ಕೂ ಇರುವ ವ್ಯತ್ಯಾಸ ತಿಳಿದವರು ನಾವಿರುವಾಗ ‘ಸಾಂಪ್ರದಾಯಿಕ ಉಡುಪಿನ ನರ್ತಕ’ ಎಂಬ ಸಾಲಿಗೆ ಏಕೆ ತೃಪ್ತರಾಗಬೇಕು?

ಕಿವಿಗಣ್ಣು (ಮಂಗಳವಾರ, ಬೆಳಗ್ಗೆ 7.05)

ಚೌಕಿಮನೆಯವರೇ, ನಿಮ್ಮ ವಿವರಣೆಯನ್ನು ನಾಲ್ಕು ಬಾರಿ ಕೇಳಿದೆ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಆಟಕ್ಕೆ ಹೋಗುತ್ತಿದ್ದೆ. ಚೆಂಡೆಯ ಪೆಟ್ಟು ಎದೆಗೆ ಬಡಿಯುವುದು ಗೊತ್ತು, ಬಣ್ಣದ ವೇಷದ ಆರ್ಭಟ ಗೊತ್ತು. ಚುಟ್ಟಿ ಮುಳ್ಳಿನಂತೆ ಎದ್ದು ನಿಂತಿರುತ್ತದೆಂದು ಗೊತ್ತಾದದ್ದು ನಿನ್ನೆ ರಾತ್ರಿ.

ಹುಟ್ಟುಕುರುಡರಿಗೆ ಬಣ್ಣ ಹೇಳಿ ಏನು ಪ್ರಯೋಜನ ಎಂದು ಹಲವರು ಕೇಳುತ್ತಾರೆ. ಹೇಳಿ, ಬಿಡಬೇಡಿ. ನಮ್ಮ ಬಾವುಟ ಅರಿಸಿನ ಕುಂಕುಮದ ಬಣ್ಣದ್ದು ಎಂಬುದು ನನಗೂ ಅರ್ಥವಿರುವ ಮಾತು. ಹೆಂಡತಿಯ ಸೀರೆ ಮೆಚ್ಚಿಕೊಳ್ಳುವಾಗ ಬಣ್ಣದ ಹೆಸರು ನನಗೂ ಬೇಕು. ‘ಸುಂದರವಾದ ದೃಶ್ಯ’, ‘ಮನಮೋಹಕ ಚಿತ್ರ’ ಎಂದು ಬರೆದರೆ ಮಾತ್ರ ನನಗೆ ಏನೂ ಸಿಗುವುದಿಲ್ಲ. ನಿಮ್ಮ ಮನಸ್ಸು ಮೋಹಗೊಂಡದ್ದು ಯಾವುದಕ್ಕೆಂದು ಹೇಳಿದರೆ ನನ್ನದೂ ಆದೀತು.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ನಮ್ಮ ಭಾಷೆಯಲ್ಲಿ ವಿಶೇಷಣಗಳೆಲ್ಲ ಮೊದಲು, ನಾಮಪದ ಕೊನೆಗೆ. ‘ನೀಲಿ ಅಂಚಿನ ಬಿಳಿ ಸೀರೆಯುಟ್ಟು ಕೈಯಲ್ಲಿ ಮಲ್ಲಿಗೆ ಹಾರ ಹಿಡಿದು ವೇದಿಕೆಯ ಎಡಬದಿಯಲ್ಲಿ ನಗುತ್ತಾ ನಿಂತಿರುವ ಮಹಿಳೆ’ ಎಂದು ಬರೆದರೆ, ನಿಂತಿರುವವರು ಯಾರೆಂದು ತಿಳಿಯಲು ನಾನು ಕೊನೆಯವರೆಗೆ ಕಾಯಬೇಕು. ಅಷ್ಟರಲ್ಲಿ ಅಂಚಿನ ಬಣ್ಣ ಮರೆತಿರುತ್ತದೆ. ಕಣ್ಣು ಹಿಂದಕ್ಕೆ ಹೋಗಿ ಓದಬಲ್ಲದು, ಕಿವಿಗೆ ಅದು ಕಷ್ಟ. ‘ವೇದಿಕೆಯ ಎಡಕ್ಕೆ ಒಬ್ಬ ಮಹಿಳೆ, ನಗುತ್ತಿದ್ದಾರೆ. ನೀಲಿ ಅಂಚಿನ ಬಿಳಿ ಸೀರೆ. ಕೈಯಲ್ಲಿ ಮಲ್ಲಿಗೆ ಹಾರ.’ ಹೀಗೆ ತುಂಡು ತುಂಡಾಗಿ ಬಂದರೆ ಚಿತ್ರ ಮನಸ್ಸಿನಲ್ಲಿ ತಾನಾಗಿ ಕೂಡುತ್ತದೆ.

ಡೊಂಬಿವಲಿಯವರ ನಲವತ್ತು ಫೋಟೋಗಳ ಬಗ್ಗೆ: ನಲವತ್ತಕ್ಕೂ ಬೇಡ. ‘ದೀಪ ಬೆಳಗುವುದರಿಂದ ವಂದನಾರ್ಪಣೆಯವರೆಗಿನ ನಲವತ್ತು ಚಿತ್ರಗಳು’ ಎಂದು ಒಟ್ಟಾರೆ ಒಂದು ಸಾಲು, ಮುಖ್ಯವಾದ ಐದಾರಕ್ಕೆ ಎರಡೆರಡು ಸಾಲು. ಬೆಳಗಿನ ಗುಲಾಬಿಗಂತೂ ‘ಶುಭೋದಯ’ ಎಂದರೆ ಸಾಕು. ಆದರೆ ಸಾಲಾಗಿ ಹದಿನೈದು ಇಮೋಜಿ ಹಾಕಬೇಡಿ. ಒಂದೊಂದರ ಹೆಸರನ್ನೂ ಫೋನು ಓದುತ್ತದೆ, ಮಾತು ಎಲ್ಲಿ ಶುರುವಾಯಿತೆಂದೇ ತಿಳಿಯುವುದಿಲ್ಲ.

ನಿವೃತ್ತ ಮಾಸ್ತರ್ (ಮಂಗಳವಾರ, ಸಂಜೆ 5.20)

ನನ್ನ ಮೊಮ್ಮಗಳು ಈ ಚರ್ಚೆಯ ಕೊಂಡಿ ಕಳುಹಿಸಿದಳು. ಧ್ವನಿಯಲ್ಲಿ ಹೇಳಿ ಬರೆಸುತ್ತಿದ್ದೇನೆ, ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ. ಮೂವತ್ತೊಂದು ವರ್ಷ ಪಾಲಿಕೆಯ ಕನ್ನಡ ಶಾಲೆಯಲ್ಲಿ ಮಕ್ಕಳ ಕಾಗುಣಿತ ತಿದ್ದಿದವನು ನಾನು.

ಘಾಟ್‌ಕೋಪರಿನ ತಂಗಿ ಭಾನುವಾರದ ಸಂಗತಿಯನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಅದು ದೊಡ್ಡದೇನಲ್ಲಮ್ಮ. ಇಸ್ತ್ರಿಯವನು ಕುರ್ಚಿ ಕೊಟ್ಟ, ಚಹಾ ತರಿಸಿದ. ನನಗೆ ಇಂದಿಗೂ ಮರೆಯಲಾಗದ್ದು ಬೇರೆಯದಿದೆ.

ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಗ್ಗೆ ನಮ್ಮ ಹಳೆಯ ಶಿಕ್ಷಕರ ಗುಂಪಿನಲ್ಲಿ ಒಂದು ಫೋಟೋ ಬಂತು. ಅದರ ಕೆಳಗೆ ಕೈಮುಗಿದ ಚಿಹ್ನೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೈಮುಗಿದ ಚಿಹ್ನೆ. ಇಪ್ಪತ್ತೇಳು ಎಣಿಸಿದೆ. ಯಾರೋ ತೀರಿಕೊಂಡಿದ್ದಾರೆಂದು ತಿಳಿಯಿತು. ಯಾರೆಂದು ತಿಳಿಯಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ವಯಸ್ಸಿನವರು ಆ ಗುಂಪಿನಲ್ಲಿ ಹನ್ನೊಂದು ಮಂದಿ. ಯಾರಿಗೆ ಫೋನು ಮಾಡಿ ಕೇಳಲಿ? ಯಾರ ಮನೆಗೆ ಮಾಡಿದರೆ ಅದು ಅವರ ಮನೆಯೇ ಆಗಿರುತ್ತದೋ ಎಂಬ ಭಯ. ಮಧ್ಯಾಹ್ನ ಮೂರರವರೆಗೆ ಹನ್ನೊಂದು ಮಂದಿಯನ್ನೂ ಒಬ್ಬೊಬ್ಬರಾಗಿ ನೆನೆಯುತ್ತಾ ಕುಳಿತೆ. ಮೊಮ್ಮಗಳು ಕಾಲೇಜಿನಿಂದ ಬಂದು ಹೆಸರು ಓದಿದಳು. ನನ್ನ ಪಕ್ಕದ ಕೊಠಡಿಯಲ್ಲಿ ಹದಿನೆಂಟು ವರ್ಷ ಪಾಠ ಮಾಡಿದ ಗೆಳೆಯ. ಅಂತ್ಯಕ್ರಿಯೆ ಹನ್ನೆರಡಕ್ಕೇ ಮುಗಿದಿತ್ತು. ಸ್ಮಶಾನ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ.

ಆ ಚಿತ್ರದಲ್ಲಿ ಹೆಸರು, ಹೊತ್ತು, ಸ್ಥಳ ಎಲ್ಲವೂ ಅಚ್ಚಾಗಿತ್ತಂತೆ.

ಯಾರ ಮೇಲೂ ಸಿಟ್ಟಿಲ್ಲ. ಅವರೆಲ್ಲ ದುಃಖದಲ್ಲಿದ್ದರು. ಆದರೆ ಡೊಂಬಿವಲಿಯ ತಮ್ಮ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಯಾವುದು ಮುಖ್ಯ ಪ್ರಕಟಣೆ, ಯಾವುದು ಅಲ್ಲ ಎಂದು ಕಳುಹಿಸುವವನಿಗೆ ಯಾವಾಗಲೂ ತಿಳಿಯುವುದಿಲ್ಲಪ್ಪ.

ಡೊಂಬಿವಲಿ 7.42 (ಮಂಗಳವಾರ, ರಾತ್ರಿ 9.30)

ಮಾಸ್ತರರೇ, ನಮಸ್ಕಾರ. ಲೋಕಲಿನಲ್ಲಿ ನಿಂತು ಓದಿದೆ. ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ನಮ್ಮ ಗುಂಪಿನಲ್ಲಿ ಇನ್ನು ಮೇಲೆ ನಿಧನ ವಾರ್ತೆಯ ಚಿತ್ರ ಬಂದರೆ, ಅದನ್ನು ಯಾರೇ ಹಾಕಿರಲಿ, ಮೊದಲು ನೋಡಿದವರು ಹೆಸರು, ಹೊತ್ತು, ಸ್ಥಳ ಬೆರಳಚ್ಚು ಮಾಡಬೇಕು, ಕೈಮುಗಿಯುವುದು ಆಮೇಲೆ ಎಂದು ಇಂದೇ ಬರೆದಿದ್ದೇನೆ. ಕಳೆದ ರಾಜ್ಯೋತ್ಸವದ ಫೋಟೋಗಳಲ್ಲಿ ಆರನ್ನು ಆರಿಸಿ ವಿವರಣೆಯನ್ನೂ ಬರೆದೆ. ಕಲ್ಯಾಣದವರೇ, ಬಿಡುವಾದಾಗ ಕೇಳಿ ತಿದ್ದಿ.

ವಾಸ್ಕೋ ಟೀಚರ್ (ಬುಧವಾರ, ಮಧ್ಯಾಹ್ನ 2.15)

ಗೋವಾದಿಂದ ಒಂದು ಅನುಭವ. ನನ್ನ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿಗೆ ದೃಷ್ಟಿ ಬಹಳ ಮಂದ. ಪಾಠದ ಚಿತ್ರ ಬಂದಾಗಲೆಲ್ಲ ಅವನು ಸುಮ್ಮನೆ ಕುಳಿತಿರುತ್ತಿದ್ದ. ಈಗ ದಿನಕ್ಕೊಂದು ಮಗು ಚಿತ್ರವನ್ನು ಅವನಿಗೆ ಹೇಳಬೇಕು, ಉಳಿದವರು ಕಣ್ಣು ಮುಚ್ಚಿ ಕೇಳಿ ಆಮೇಲೆ ಬರೆದು ತೋರಿಸಬೇಕು. ಬಂದರಿನ ಚಿತ್ರವೊಂದಿತ್ತು. ಒಬ್ಬಳು ‘ದೊಡ್ಡ ಹಡಗು’ ಎಂದಳು. ಮಂದ ದೃಷ್ಟಿಯ ಹುಡುಗನೇ ತಡೆದು ಕೇಳಿದ: ‘ಮೇಲೆ ಚಪ್ಪಟೆ ಇದೆಯೋ, ಎತ್ತರ ಕಟ್ಟಿದ್ದಾರೋ?’ ಚಪ್ಪಟೆ ಎಂದಳು. ‘ಹಾಗಾದರೆ ಹಡಗಲ್ಲ, ಬಾರ್ಜು. ನಮ್ಮಪ್ಪ ಅದರಲ್ಲಿ ಅದಿರು ಸಾಗಿಸುತ್ತಿದ್ದರು’ ಎಂದ. ನೋಡುತ್ತಿದ್ದ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

ಅಂದಿನಿಂದ ವಿವರಣೆ ಹೇಳುವ ಸರದಿ ತನಗೆ ಬೇಗ ಬರಲೆಂದು ಮಕ್ಕಳು ಜಗಳವಾಡುತ್ತಾರೆ.

ಘಾಟ್‌ಕೋಪರ್ ಕನ್ನಡತಿ (ಬುಧವಾರ, ರಾತ್ರಿ 10.05)

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ತಿಂಗಳ ಆಮಂತ್ರಣದ ಪಠ್ಯವನ್ನು ಚಿತ್ರಕ್ಕಿಂತ ಮೊದಲು ಬರೆದು ಮುಗಿಸಿದ್ದೇನೆ.

ಮಾಸ್ತರರೇ, ನಿಮಗೊಂದು ಕೊಡಬೇಕಿದೆ. ನಿಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಹೋದ ತಿಂಗಳು ಗುಂಪಿಗೆ ಹಾಕಿದ್ದ ಫೋಟೋ. ಐವತ್ತು ಜನ ‘ಹಳೆಯ ನೆನಪು’ ಎಂದು ಬರೆದರು, ಏನಿದೆಯೆಂದು ನಿಮಗೆ ಯಾರೂ ಹೇಳಲಿಲ್ಲ. ಈಗ ಹೇಳುತ್ತೇನೆ.

‘ಕಪ್ಪು ಬಿಳುಪು ಫೋಟೋ. ಶಾಲೆಯ ಅಂಗಳ, ಹಿಂದೆ ಕಲ್ಲಿನ ಮೆಟ್ಟಿಲುಗಳು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 7ನೇ ಇಯತ್ತೆ, 1987 ಎಂದಿದೆ. ನೆಲ ಒದ್ದೆಯಾಗಿದೆ, ಮಳೆ ಆಗಷ್ಟೇ ನಿಂತಂತಿದೆ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಹದಿಮೂರು ಹುಡುಗಿಯರು, ಎಲ್ಲರಿಗೂ ಎರಡು ಜಡೆ. ನಡುವಿನ ಸಾಲಿನ ಕುರ್ಚಿಗಳಲ್ಲಿ ಐವರು ಶಿಕ್ಷಕರು. ಎಡದಿಂದ ಎರಡನೆಯವರು ನೀವು: ತೆಳ್ಳಗಿದ್ದೀರಿ, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕನ್ನಡಕವಿಲ್ಲ. ನಿಮ್ಮ ಬಲಗಡೆ ಕುಳಿತವರು ನಿಮ್ಮ ಕಡೆ ತಿರುಗಿ ಏನೋ ಹೇಳುತ್ತಿದ್ದಾರೆ, ಅವರ ಬಾಯಿ ತೆರೆದಿದೆ. ನೀವು ನಗು ತಡೆದುಕೊಂಡಿದ್ದೀರಿ. ಹಿಂದೆ ನಿಂತ ಹುಡುಗರು ಹತ್ತೊಂಬತ್ತು. ಬಲತುದಿಯಲ್ಲಿ ಎಲ್ಲರಿಗಿಂತ ಎತ್ತರದ ಒಬ್ಬ ವಿದ್ಯಾರ್ಥಿ, ಮಡಚಿದ ಕೊಡೆಯನ್ನು ಎದೆಗೊತ್ತಿ ಹಿಡಿದಿದ್ದಾನೆ, ಬರಿಗಾಲು.’

ನಿವೃತ್ತ ಮಾಸ್ತರ್ (ಬುಧವಾರ, ರಾತ್ರಿ 10.50)

ಎರಡು ಬಾರಿ ಕೇಳಿದೆ ತಂಗಿ. ಮೊಮ್ಮಗಳೂ ಕೇಳಿದಳು.

ನನ್ನ ಬಲಗಡೆ ಮಾತನಾಡುತ್ತಿರುವವನೇ ಹೋದ ಶ್ರಾವಣದಲ್ಲಿ ಹೋದ ಗೆಳೆಯ. ಫೋಟೋದವನು ‘ಅಲ್ಲಾಡಬೇಡಿ’ ಎಂದಾಗಲೆಲ್ಲ ಅವನು ಏನಾದರೊಂದು ಪಿಸುಗುಡುತ್ತಿದ್ದ. ಅಂದು ಏನು ಹೇಳಿದನೆಂದು ನೆನಪಿಲ್ಲ.

ಒಂದು ತಿದ್ದುಪಡಿ ಇದೆ. ಬಲತುದಿಯಲ್ಲಿ ಕೊಡೆ ಹಿಡಿದವನು ವಿದ್ಯಾರ್ಥಿಯಲ್ಲ, ನಮ್ಮ ಜವಾನ. ಹದಿನೆಂಟರ ಹುಡುಗ, ರಾಯಚೂರು ಕಡೆಯವನು. ಆ ಕೊಡೆ ನನ್ನದು. ಫೋಟೋದಲ್ಲಿ ನಿಲ್ಲಲು ಅವನು ಒಪ್ಪಿರಲಿಲ್ಲ, ನಾವೇ ಎಳೆದು ನಿಲ್ಲಿಸಿದೆವು. ದಯವಿಟ್ಟು ವಿವರಣೆಯಲ್ಲಿ ಅದನ್ನು ಸರಿಪಡಿಸು. ಇನ್ನೊಂದು ಕೇಳುತ್ತೇನೆ, ನೋಡಿ ಹೇಳು: ಅವನು ನಗುತ್ತಿದ್ದಾನೆಯೇ?

ಘಾಟ್‌ಕೋಪರ್ ಕನ್ನಡತಿ (ಬುಧವಾರ, ರಾತ್ರಿ 10.58)

ಸರಿಪಡಿಸಿದೆ ಮಾಸ್ತರರೇ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ನಗುತ್ತಿಲ್ಲ. ಕ್ಯಾಮೆರಾದ ಕಡೆಗೂ ನೋಡುತ್ತಿಲ್ಲ. ನಿಮ್ಮಿಬ್ಬರನ್ನು ನೋಡುತ್ತಿದ್ದಾನೆ.